ಬಿಳಿಯ ದ್ರಾಕ್ಷಿಯೂ ಮಲೆನಾಡಿನ ತೋಟವೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮನೆಯ ಹಿತ್ತಿಲಲ್ಲಿ ಬಿಳಿಯ ದ್ರಾಕ್ಷಿಯ ಬಳ್ಳಿಯನ್ನು ಹಬ್ಬಿಸಬೇಕೆಂಬ ಆಸೆ ಹಲವರಿಗೆ ಉಂಟು. ಬಯಲುಸೀಮೆಯ ನೆಂಟರ ಮನೆಯಿಂದ ಕಡ್ಡಿಯನ್ನು ತಂದು ನೆಡುತ್ತಾರೆ. ಬಳ್ಳಿಯು ಎರಡು ವರ್ಷಗಳಲ್ಲಿ ಚಪ್ಪರವನ್ನು ತುಂಬುತ್ತದೆ. ಗೊಂಚಲು ಮಾತ್ರ ಕಾಣಿಸುವುದಿಲ್ಲ. ಇದು ಬೆಳೆಸಿದವರ ಅಪರಾಧವಲ್ಲ.

ಈ ಹಣ್ಣು ಕನ್ನಡನಾಡಿಗೆ ಹೊಸದೂ ಅಲ್ಲ. ಕ್ರಿ.ಶ. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಅಲ್ಲಿಯ ತೋಪುಗಳಲ್ಲಿ ಮಾವು, ಅಡಕೆ, ಹಲಸು, ನಿಂಬೆ, ಕಿತ್ತಳೆಗಳೊಡನೆ ಬಿಳಿಯ ದ್ರಾಕ್ಷಿಯೂ ಇದ್ದಿತೆಂದು ಬರೆದಿಟ್ಟಿದ್ದಾನೆ. ಕೆಳದಿಯ ನಾಯಕರು ಆಗ ಆ ಸಾಮ್ರಾಜ್ಯಕ್ಕೆ ಅಧೀನರು. ಅರಸನ ಊರಿನ ಅಡಕೆ ಸಾಮಂತನ ಸೀಮೆಯಲ್ಲಿಯೂ ಬೆಳೆಯಿತು. ದ್ರಾಕ್ಷಿಯೋ ಘಟ್ಟದ ಸೆರಗಿನಲ್ಲಿ ನೆಲೆಗೊಳ್ಳಲಿಲ್ಲ. ಹಂಪೆಯ ಮಳೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯದು ೭,೦೦೦ಕ್ಕೂ ಮೇಲು. ಏಪ್ರಿಲಿನಲ್ಲಿ ಸವರಿದ ಬಳ್ಳಿಯು ಚಿಗುರಿ, ಮುಂದೆ ಗೊಂಚಲಾಗತಕ್ಕ ಮೊಗ್ಗನ್ನು ಕಡ್ಡಿಯೊಳಗೆ ಕಟ್ಟಿಕೊಳ್ಳುವುದು ಜೂನ್ ತಿಂಗಳ ಸುಮಾರಿನಲ್ಲಿ. ಅದಕ್ಕೆ ಬಿಸಿಲು ಬೇಕು. ಮಲೆನಾಡಿನಲ್ಲಿ ಆಗ ಸೂರ್ಯದರ್ಶನವೇ ದುರ್ಲಭ. ಸಾಲದುದಕ್ಕೆ ಎಲೆಯ ತಳದಲ್ಲಿ ಬಿಳಿಯ ಬೂಷ್ಟು ಹಿಡಿದು ಬಳ್ಳಿ ಬರಿದಾಗುತ್ತದೆ.

ಆದರೆ ದ್ರಾಕ್ಷಿ ಬಾರದ ಈ ಸೀಮೆಗೆ ದ್ರಾಕ್ಷಿಯ ಔಷಧ ಬಂದಿತು. ನಾವು ಹೇಳಹೊರಟಿರುವ ಸಂಗತಿ ಇದೇ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಈ ಬೂಷ್ಟುರೋಗವು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವುತ್ತಿದ್ದಿತು. ಬೋರ್ಡೋ ನಗರದ ಬಳಿಯ ಮೆಡಾಕ್ ಪ್ರಾಂತದ ತೋಟಗಾರರು, ದಾರಿಹೋಕರು ಹಣ್ಣನ್ನು ಕೀಳದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತು ಸುಣ್ಣಗಳನ್ನು ಕಲಸಿ ಎರಚುವ ವಾಡಿಕೆಯಿದ್ದಿತು. ನೋಡಿದವರಿಗೆ ವಿಷವೆಂಬ ಭಯ ಹುಟ್ಟಬೇಕು, ಅಷ್ಟೆ. ೧೮೮೨ರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆಯವರು, ಉಳಿದ ಬಳ್ಳಿಗಳೆಲ್ಲ ಎಲೆಯುದುರಿಸಿ ನಿಂತಿರಲು ಈ ಬಳ್ಳಿಗಳು ಮಾತ್ರ ಹಸುರಾಗಿರುವುದನ್ನು ಕಂಡರು. ಪರೀಕ್ಷೆಗಳನ್ನು ನಡೆಸಿ ೧೮೮೫ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರನ್ನು ಹೆದರಿಸಲು ಹುಟ್ಟಿದ ಬಣ್ಣವು ಬೋರ್ಡೋ ದ್ರಾವಣವಾಯಿತು.

ಆ ಕಾಲಕ್ಕೆ ನಮ್ಮ ಅಡಕೆತೋಟಗಳ ಶತ್ರುವೆಂದರೆ ಕೊಳೆರೋಗ. ಮಳೆ ಬಿಡದೆ ಹಿಡಿದ ವರ್ಷ ಎಳೆಯ ಕಾಯಿಗಳು ಕೊಳೆತು ಮರದ ಬುಡದಲ್ಲಿ ಸುರಿಯುತ್ತಿದ್ದವು. ಅಡಕೆಯೊಂದನ್ನೇ ನಂಬಿದ ಸಂಸಾರಕ್ಕೆ ಅದು ವರ್ಷದ ಅನ್ನವೇ ನೆಲಕ್ಕೆ ಬಿದ್ದಂತೆ. ಒಂದೊಂದು ಗೊನೆಗೂ ಕೊಟ್ಟೆಯನ್ನು ಕಟ್ಟಿ ಮಳೆಯನ್ನು ತಡೆಯುವುದೇ ಹಳೆಯ ಉಪಾಯ. ಅದರ ಶ್ರಮವನ್ನು ಮರವೇರಿದವನೇ ಬಲ್ಲ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸಮಾಡಿ, ೧೯೧೦ರಲ್ಲಿ ಅದರ ವಿವರವನ್ನು ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಕೊಳೆರೋಗವನ್ನು ತರುವ ಜೀವಿಯು ದ್ರಾಕ್ಷಿಯ ಬೂಷ್ಟಿನ ಜೀವಿಗೆ ದೂರದ ದಾಯಾದಿ. ಒಂದಕ್ಕೆ ಹಿಡಿದ ಔಷಧ ಇನ್ನೊಂದಕ್ಕೂ ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮುಂಗಾರಿಗೆ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ. ಇಂದಿಗೂ ತೋಟಗಳಲ್ಲಿ ನಡೆಯುತ್ತಿರುವುದು ಇದೇ. ಈಗಿನ ಕೊರತೆ ಔಷಧದ್ದಲ್ಲ, ಮರವೇರುವ ಕೊನೆಗಾರನದು.

ಹಿತ್ತಿಲ ಬಳ್ಳಿಯ ಆಸೆಯನ್ನು ಬಿಡಲಾರದವರಿಗೆ ಒಂದು ಮಾತು. ಸೂರಿನ ಹೊರಗೆ ಬಿಸಿಲು ಬೀಳುವ ಕಡೆ, ನೀರು ನಿಲ್ಲದ ದಿಬ್ಬದ ಮೇಲೆ ಬಳ್ಳಿಯನ್ನಿಡಬೇಕು. ದೀಪಾವಳಿಯ ಸುಮಾರಿಗೆ ಮಳೆ ಹಿಂದೆಗೆದ ಮೇಲೆ ಸವರಬೇಕು. ಹಾಗೆ ಮಾಡಿದರೆ, ಮೊಗ್ಗು ಕಟ್ಟಿದ್ದ ಪಕ್ಷದಲ್ಲಿ, ಮುಂದಿನ ಮಳೆಗೆ ಮೊದಲೇ ಹಣ್ಣಾಗುತ್ತದೆ. ಸಾಗರದ ಕಡೆಯ ನಮ್ಮ ಸ್ನೇಹಿತರೊಬ್ಬರು ತೋಟಕ್ಕೆ ಔಷಧ ಹೊಡೆಸಿದ ದಿನ ಪೀಪಾಯಿಯ ತಳದಲ್ಲಿ ಉಳಿದ ದ್ರಾವಣವನ್ನು ಹಿತ್ತಿಲ ಬಳ್ಳಿಗೂ ಸಿಂಪಡಿಸುತ್ತಾರೆ. ಕಳೆದ ಬೇಸಗೆಯಲ್ಲಿ ಅವರಿಗೆ ಎರಡು ಗೊಂಚಲು ದೊರೆತವು. ರುಚಿ ಸ್ವಲ್ಪ ಹುಳಿ.