ನಗರದ ಮಣ್ಣಿನಲ್ಲಿ ಬೆಳೆಯುವ ಔಷಧಿ ಸಸ್ಯಗಳ ಸುರಕ್ಷತೆ

ನಗರದ ಮಣ್ಣಿನಲ್ಲಿ ಬೆಳೆಯುವ ಔಷಧಿ ಸಸ್ಯಗಳ ಸುರಕ್ಷತೆ: ರಸ್ತೆಯಂಚು, ಖಾಲಿ ನಿವೇಶನ, ಕೆರೆಯಂಗಳ, ರಾಜಕಾಲುವೆಯ ದಂಡೆ, ಕೈತೋಟಗಳಲ್ಲಿ ಬೆಳೆದ ಗಿಡಮೂಲಿಕೆಗಳಿಗೆ ಮಣ್ಣು, ನೀರು, ದೂಳಿನಿಂದ ಸೇರುವ ವಿಷವಸ್ತುಗಳನ್ನೂ ಬಳಸುವವರ ಆರೋಗ್ಯದ ಮೇಲೆ ಅವು ಮಾಡುವ ಪರಿಣಾಮವನ್ನೂ ಕುರಿತ ವಿಷಯ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮತ್ತು ಪಾದರಸ ಇಲ್ಲಿ ಮುಖ್ಯವಾದ ವಿಷಗಳು. ಗಿಡ ಹಸಿರಾಗಿ, ಹುಲುಸಾಗಿ ಬೆಳೆದಿದೆ ಎಂಬುದು ಅದರ ಶುದ್ಧತೆಗೆ ಆಧಾರವಾಗದು. ಅಪಾಯದ ಪ್ರಮಾಣವನ್ನು ಮಣ್ಣು, ಸಸ್ಯದ ಜಾತಿ, ಬಳಸುವ ಭಾಗ, ಔಷಧ ತಯಾರಿಸುವ ಕ್ರಮ ಮತ್ತು ಸೇವಿಸುವ ಪ್ರಮಾಣ ಒಟ್ಟಾಗಿ ನಿರ್ಧರಿಸುತ್ತವೆ.

ಮೂಲಿಕೆ ಕೀಳುವ ನೆಲದ ಬಗೆಗಿನ ಎಚ್ಚರ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 36ನೇ ಅಧ್ಯಾಯ ಔಷಧ ಸಂಗ್ರಹಕ್ಕೆ ತಕ್ಕ ಭೂಮಿಯನ್ನು ವಿವರಿಸುತ್ತ ಹುತ್ತ, ಸ್ಮಶಾನ ಮೊದಲಾದ ತಾಣಗಳನ್ನು ಬಿಡಬೇಕೆನ್ನುತ್ತದೆ. ಚರಕ ಸಂಹಿತೆಯ ಕಲ್ಪಸ್ಥಾನದಲ್ಲೂ ಇಂಥ ವಿವರಗಳಿವೆ.

ಮಾಲಿನ್ಯದ ಮೂಲಗಳು

ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ 2000ರಲ್ಲಿ ನಿಂತಿತು. ಆದರೆ ಅದಕ್ಕೆ ಮೊದಲು ದಶಕಗಳ ಕಾಲ ಹೊಗೆಯಲ್ಲಿ ಹೊರಬಿದ್ದ ಸೀಸ ಹಳೆಯ ರಸ್ತೆಗಳ ಪಕ್ಕದ ಮೇಲ್ಮಣ್ಣಿನಲ್ಲಿ ಉಳಿದಿದೆ. ಲೋಹಗಳು ಸಾವಯವ ವಸ್ತುಗಳಂತೆ ಕೊಳೆತು ಹೋಗುವುದಿಲ್ಲ. ಸೀಸವಂತೂ ಮಳೆನೀರಿನೊಡನೆ ಆಳಕ್ಕೆ ಇಳಿಯುವುದೂ ಕಡಿಮೆ. ಹಳೆಯ ಕಟ್ಟಡಗಳಿಂದ ಉದುರುವ ಬಣ್ಣದ ಚಕ್ಕೆ ಮತ್ತೊಂದು ಮೂಲ. ಗೃಹಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ದಶಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ದೇಶದಲ್ಲಿ 2017ರ ನವೆಂಬರ್‌ನಿಂದಷ್ಟೇ ಜಾರಿಯಲ್ಲಿದೆ. ಬ್ಯಾಟರಿ ಕರಗಿಸುವ ಗುಜರಿ ಘಟಕಗಳು, ಲೋಹಲೇಪನದ ಕಾರ್ಖಾನೆಗಳು, ಟೈರು ಮತ್ತು ಬ್ರೇಕುಗಳ ಸವೆತದ ಪುಡಿ, ಕಸ ಸುಟ್ಟ ಬೂದಿ, ಬೆರಕೆ ಕಸದಿಂದ ತಯಾರಾದ ಗೊಬ್ಬರ ಇವೂ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಸತು, ತಾಮ್ರಗಳನ್ನು ಮಣ್ಣಿಗೆ ಸೇರಿಸುತ್ತವೆ.

ಬೆಂಗಳೂರು ಇದಕ್ಕೆ ಸ್ಪಷ್ಟ ನಿದರ್ಶನ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿ ನದಿ, ನಗರದ ಕೊಳಚೆಯನ್ನೂ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಹೊತ್ತು ಬಿಡದಿ ಸಮೀಪದ ಬೈರಮಂಗಲ ಕೆರೆಯತ್ತ ಹರಿಯುತ್ತದೆ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ನೊರೆಯಿಂದ ಸುದ್ದಿಯಾದವು; 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೂ ಹತ್ತಿತ್ತು. ಹಳೆ ಮೈಸೂರು ಭಾಗದ ಬೆರಕೆ ಸೊಪ್ಪಿನ ಸಾರಿಗೆ ಬೇಕಾದ ಹೊನಗೊನ್ನೆ, ತಂಬುಳಿಗೆ ಬೇಕಾದ ಒಂದೆಲಗ, ತಲೆಯೆಣ್ಣೆಗೆ ಬಳಸುವ ಗರುಗ ಇವೆಲ್ಲ ಒದ್ದೆ ನೆಲದ ಗಿಡಗಳು. ಇಂಥ ಕೆರೆಗಳ ಅಂಚು, ಚರಂಡಿಯಂಚು ಅವಕ್ಕೆ ಸಹಜವಾದ ನೆಲೆ.

ವಿಷ ಗಿಡಕ್ಕೆ ಸೇರುವ ಬಗೆ

ಲೋಹಗಳು ಗಿಡಕ್ಕೆ ಎರಡು ದಾರಿಗಳಲ್ಲಿ ಸೇರುತ್ತವೆ. ಬೇರು ಮಣ್ಣಿನ ನೀರಿನೊಡನೆ ಅವನ್ನು ಹೀರುವುದು ಒಂದು. ದೂಳು ಮತ್ತು ಮಳೆಹನಿಗೆ ಸಿಡಿದ ಮಣ್ಣು ಎಲೆಗೆ ಅಂಟುವುದು ಇನ್ನೊಂದು. ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸುಲಭವಾಗಿ ಏರುತ್ತದೆ. ಸೀಸದ ಬಹುಪಾಲು ಬೇರಿನಲ್ಲೇ ಸಿಕ್ಕಿಕೊಳ್ಳುತ್ತದೆ; ರಸ್ತೆ ಬದಿಯ ಎಲೆಗಳಲ್ಲಿ ಕಾಣುವ ಸೀಸದಲ್ಲಿ ದೂಳಿನ ಪಾಲು ದೊಡ್ಡದು. ಮಣ್ಣು ಆಮ್ಲೀಯವಾದಷ್ಟೂ ಕ್ಯಾಡ್ಮಿಯಂ ಹೆಚ್ಚು ಕರಗಿ ಗಿಡಕ್ಕೆ ದಕ್ಕುತ್ತದೆ. ಸುಣ್ಣದ ಅಂಶ, ಜೇಡಿ ಮತ್ತು ಕೊಳೆತ ಸಾವಯವ ವಸ್ತು ಹೆಚ್ಚಿರುವ ಮಣ್ಣು ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಒಟ್ಟು ಲೋಹ ಸಮನಾಗಿರುವ ಎರಡು ಮಡಿಗಳಲ್ಲಿ ಒಂದೇ ಗಿಡ ಬೇರೆ ಬೇರೆ ಪ್ರಮಾಣವನ್ನು ಹೀರಬಹುದು.

ಸಸ್ಯಜಾತಿ ಮತ್ತು ಬಳಸುವ ಭಾಗ

ಸಾಮಾನ್ಯವಾಗಿ ಬೇರು ಮತ್ತು ಗೆಡ್ಡೆಗಳಲ್ಲಿ ಲೋಹ ಹೆಚ್ಚು, ಎಲೆಗಳಲ್ಲಿ ಅದಕ್ಕಿಂತ ಕಡಿಮೆ, ಹಣ್ಣು ಮತ್ತು ಬೀಜಗಳಲ್ಲಿ ಇನ್ನೂ ಕಡಿಮೆ. ಜಾತಿಯ ಗುಣವೂ ಇದಕ್ಕೆ ಸೇರುತ್ತದೆ. ಯುರೋಪಿನ ಮೂಲಿಕೆಗಳಾದ ಸೇಂಟ್ ಜಾನ್ಸ್ ವರ್ಟ್ ಮತ್ತು ಕ್ಯಾಮೊಮೈಲ್ ಕ್ಯಾಡ್ಮಿಯಂ ಶೇಖರಿಸುವುದಕ್ಕೆ ಹೆಸರಾಗಿವೆ. ಸಾಸಿವೆ ಗಿಡ ಸೀಸವನ್ನು ಹೀರಬಲ್ಲದು. ಲಾವಂಚ ಮತ್ತು ಬಜೆಯನ್ನು ಕೊಳಚೆ ನೀರು ಹಾಗೂ ಕಲುಷಿತ ಮಣ್ಣನ್ನು ಶುದ್ಧಗೊಳಿಸಲು ನೆಡುವ ಪದ್ಧತಿಯಿದೆ. ಲಾವಂಚ ತಾನು ಹೀರಿದ ಲೋಹದ ಬಹುಭಾಗವನ್ನು ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ಔಷಧಕ್ಕೂ ಕುಡಿಯುವ ನೀರಿಗೂ ಬಳಸುವುದು ಅದೇ ಬೇರನ್ನು. ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯಲ್ಲೂ ಬಳಕೆಯಾಗುವುದು ನೆಲದೊಳಗಿನ ಕಾಂಡ. ಹೊಲಸು ನೀರಿನಲ್ಲೂ ಬದುಕಬಲ್ಲ ಗುಣವೇ ಇಂಥ ಗಿಡಗಳನ್ನು ನಗರದ ಮೂಲಿಕೆಯಾಗಿ ಅಪಾಯಕಾರಿಯಾಗಿಸುತ್ತದೆ.

ತಯಾರಿಕೆಯ ಪರಿಣಾಮ

ತೊಳೆದರೆ ಎಲೆಯ ಮೇಲಿನ ದೂಳು ಬಹುಮಟ್ಟಿಗೆ ಹೋಗುತ್ತದೆ. ಒಳಸೇರಿದ ಲೋಹ ಹೋಗುವುದಿಲ್ಲ. ಒಣಗಿಸಿದಾಗ ನೀರಷ್ಟೇ ಆರಿ ಲೋಹ ಉಳಿಯುವುದರಿಂದ ಪ್ರತಿ ಗ್ರಾಂನಲ್ಲಿ ಅದರ ಸಾಂದ್ರತೆ ಏರುತ್ತದೆ. ಚೂರ್ಣ ಸೇವಿಸುವವರ ಹೊಟ್ಟೆಗೆ ಗಿಡದಲ್ಲಿದ್ದ ಲೋಹವೆಲ್ಲ ಸೇರುತ್ತದೆ. ಕಷಾಯದಲ್ಲಿ ಒಂದು ಭಾಗ ಮಾತ್ರ ನೀರಿಗಿಳಿದು ಉಳಿದುದು ಚರಟದಲ್ಲಿ ಉಳಿಯುತ್ತದೆ. ಕಷಾಯಕ್ಕೆ ಹುಳಿ ಬಿದ್ದರೆ ಕರಗುವ ಪ್ರಮಾಣ ಹೆಚ್ಚಬಹುದು. ಆವಿಯಿಂದ ಬಟ್ಟಿ ಇಳಿಸಿದ ಸುಗಂಧ ತೈಲಕ್ಕೆ ಲೋಹ ಸೇರುವುದು ತೀರ ಅಲ್ಪ.

ಕೊಳಚೆ ನೀರಿನ ಗಿಡಗಳಲ್ಲಿ ರೋಗಾಣು ಮತ್ತು ಪರೋಪಜೀವಿಗಳ ಭಯವೂ ಉಂಟು. ಚೆನ್ನಾಗಿ ಕುದಿಸಿದರೆ ಅವು ಸಾಯುತ್ತವೆ, ಲೋಹಕ್ಕೆ ಏನೂ ಆಗದು. ಒಂದೆಲಗವನ್ನು ಹಸಿಯಾಗಿ ತಿನ್ನುವುದರಿಂದ ಅದರಲ್ಲಿ ಎರಡೂ ಬಗೆಯ ಅಪಾಯ ಒಟ್ಟಿಗೆ ಬರುತ್ತದೆ.

ಆರೋಗ್ಯ ಪರಿಣಾಮ

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕುಂದು ತರುತ್ತದೆ, ರಕ್ತಹೀನತೆ ಉಂಟುಮಾಡುತ್ತದೆ, ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನುಂಗಿದ ಸೀಸದಲ್ಲಿ ಮಕ್ಕಳ ದೇಹ ಹೀರಿಕೊಳ್ಳುವ ಪಾಲು ದೊಡ್ಡವರದಕ್ಕಿಂತ ಬಹಳ ಹೆಚ್ಚು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಹೆಚ್ಚು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಶೇಖರವಾಗುತ್ತದೆ. ಸೀಸಕ್ಕೆ ಇದ್ದ ವಾರದ ಸಹನೀಯ ಸೇವನಾ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2010ರಲ್ಲಿ ಹಿಂತೆಗೆದುಕೊಂಡಿತು. ಹಾನಿಯಿಲ್ಲದ ಮಟ್ಟ ಎಂದು ಯಾವುದನ್ನೂ ಗುರುತಿಸಲಾಗದು ಎಂಬುದು ಅದರ ಕಾರಣ.

ಮಿತಿಗಳು ಮತ್ತು ನಿಯಮಗಳು

ಒಣ ಮೂಲಿಕೆಯ ಪ್ರತಿ ಕಿಲೋಗ್ರಾಂಗೆ ಸೀಸ 10, ಕ್ಯಾಡ್ಮಿಯಂ 0.3, ಆರ್ಸೆನಿಕ್ 3, ಪಾದರಸ 1 ಮಿಲಿಗ್ರಾಂ ಮೀರಬಾರದೆಂಬುದು ಭಾರತದ ಆಯುರ್ವೇದ ಔಷಧ ಮಾನದಂಡ. ರಫ್ತಾಗುವ ಕೇವಲ ಗಿಡಮೂಲಿಕೆಗಳ ಔಷಧಗಳಿಗೆ ಭಾರಲೋಹ ಪರೀಕ್ಷೆ 2006ರ ಜನವರಿ 1ರಿಂದ ಕಡ್ಡಾಯವಾಗಿದೆ. ಮೂಲಿಕೆ ಬೆಳೆಯುವ ಮತ್ತು ಸಂಗ್ರಹಿಸುವ ಕ್ರಮದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಮಾರ್ಗಸೂಚಿ ಹೊರಡಿಸಿತು. ಪರೀಕ್ಷೆ ಮತ್ತು ಮಾರ್ಗಸೂಚಿಗಳ ಹಿಡಿತಕ್ಕೆ ಸಿಗುವುದು ಮಾರುಕಟ್ಟೆಗೆ ಬರುವ ಸರಕು. ರಸ್ತೆ ಬದಿಯಲ್ಲಿ ಕಿತ್ತು ಮನೆಯಲ್ಲೇ ಅರೆದ ಸೊಪ್ಪು ಅದರ ಆಚೆಗೆ ಉಳಿಯುತ್ತದೆ.

ಮಿತಿಯೊಳಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಗರಿಷ್ಠ ಮಿತಿಯಷ್ಟೇ ಸೀಸವಿರುವ ಚೂರ್ಣವನ್ನು ದಿನಕ್ಕೆ 5 ಗ್ರಾಂ ಸೇವಿಸಿದರೆ ಹೊಟ್ಟೆಗೆ 50 ಮೈಕ್ರೋಗ್ರಾಂ ಸೀಸ ಸೇರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಹಾರದಿಂದ ಬರುವ ಸೀಸಕ್ಕೆ ಇಟ್ಟುಕೊಂಡಿರುವ ದಿನದ ಮಾರ್ಗದರ್ಶಿ ಮಟ್ಟ ಮಕ್ಕಳಿಗೆ 2.2, ಹೆರುವ ವಯಸ್ಸಿನ ಸ್ತ್ರೀಯರಿಗೆ 8.8 ಮೈಕ್ರೋಗ್ರಾಂ. ಹೀಗಾಗಿ ತಿಂಗಳುಗಟ್ಟಲೆ ಸೇವಿಸುವ ಮೂಲಿಕೆಗೂ ನಾಲ್ಕು ದಿನ ಕುಡಿಯುವ ಕಷಾಯಕ್ಕೂ ಒಂದೇ ಅಳತೆಗೋಲು ಸಾಲದು.

ಮುನ್ನೆಚ್ಚರಿಕೆಗಳು

ಹೆದ್ದಾರಿ, ರೈಲು ಹಳಿ, ಗ್ಯಾರೇಜು, ಪೆಟ್ರೋಲ್ ಬಂಕ್, ಗುಜರಿ ಅಂಗಡಿ, ಕಸ ಸುಡುವ ಜಾಗ ಮತ್ತು ಕೊಳಚೆ ಹರಿಯುವ ಕಾಲುವೆಗಳ ಬಳಿ ಮೂಲಿಕೆ ಕೀಳಬಾರದು. ರಸ್ತೆಯಿಂದ ಕೆಲವು ಹತ್ತು ಮೀಟರುಗಳಷ್ಟು ದೂರ ಸರಿದರೆ ಮಣ್ಣಿನ ಸೀಸ ಬಹುಬೇಗ ತಗ್ಗುತ್ತದೆ. ಕೈತೋಟದ ಮಣ್ಣನ್ನು ಲೋಹಕ್ಕಾಗಿಯೇ ಪರೀಕ್ಷೆ ಮಾಡಿಸಬೇಕು. ರೈತರು ಸಾಮಾನ್ಯವಾಗಿ ಮಾಡಿಸುವ ಮಣ್ಣು ಪರೀಕ್ಷೆ ಪೋಷಕಾಂಶಗಳನ್ನು ತಿಳಿಸುತ್ತದೆಯೇ ಹೊರತು ಸೀಸ, ಕ್ಯಾಡ್ಮಿಯಂಗಳನ್ನಲ್ಲ. ಹಳೆಯ ನಿವೇಶನಗಳಲ್ಲಿ ಹೊರಗಿನ ಶುದ್ಧ ಮಣ್ಣು ತುಂಬಿದ ಕುಂಡ ಅಥವಾ ಎತ್ತರದ ಮಡಿ ಮೇಲು. ತುಳಸಿ, ದೊಡ್ಡಪತ್ರೆ, ಒಂದೆಲಗ ಕುಂಡದಲ್ಲೇ ಚೆನ್ನಾಗಿ ಬರುತ್ತವೆ. ಸುಣ್ಣ ಹಾಕಿ ಆಮ್ಲೀಯತೆ ತಗ್ಗಿಸುವುದು, ಕಳಿತ ಗೊಬ್ಬರ ಬೆರೆಸುವುದು, ಮಣ್ಣು ಸಿಡಿಯದಂತೆ ಹೊದಿಕೆ ಹರಡುವುದು ಲೋಹದ ಹೀರಿಕೆಯನ್ನೂ ಅಂಟುವಿಕೆಯನ್ನೂ ಕಡಿಮೆ ಮಾಡುತ್ತವೆ. ನಗರದ ಕಸದ ಗೊಬ್ಬರ ಕೊಳ್ಳುವಾಗ ಪರೀಕ್ಷಾ ವರದಿ ಕೇಳಬೇಕು. ರಸಗೊಬ್ಬರ ನಿಯಂತ್ರಣ ಆದೇಶದಂತೆ ಅದರಲ್ಲಿ ಕಿಲೋಗ್ರಾಂಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳಿಗೆ ನೆಲೆ ತಿಳಿಯದ ಮೂಲಿಕೆ ಕೊಡಬಾರದು. ಮಣ್ಣು ಶುದ್ಧಗೊಳಿಸಲು ನೆಟ್ಟ ಲಾವಂಚ, ಬಜೆ, ಸಾಸಿವೆಗಳನ್ನು ಕೊಯ್ದ ಮೇಲೆ ಲೋಹಯುಕ್ತ ತ್ಯಾಜ್ಯವೆಂದೇ ಎಣಿಸಿ ವಿಲೇವಾರಿ ಮಾಡಬೇಕು. ಅವು ದನದ ಮೇವಿಗಾಗಲಿ ಗೊಬ್ಬರದ ಗುಂಡಿಗಾಗಲಿ ಗ್ರಂದಿಗೆ ಅಂಗಡಿಗಾಗಲಿ ಸೇರಕೂಡದು.