ಪೆಟ್ಟಿಗೆಗೆ ಕೊರೆದ ಕಿಂಡಿ

ಹಾಲಿಗೆ ಹೆಪ್ಪು ಹಾಕುವ ಅವಸರವಿದ್ದಾಗ ನಾವು ಪಾತ್ರೆಯನ್ನು ಫ್ಯಾನಿನ ಕೆಳಗೆ ಇಡುವುದಿಲ್ಲ, ತಣ್ಣೀರು ತುಂಬಿದ ಬೋಗುಣಿಯಲ್ಲಿ ಇಡುತ್ತೇವೆ. ಗಾಳಿಗಿಂತ ನೀರು ಬಿಸಿಯನ್ನು ಬೇಗ ಹೀರುತ್ತದೆಂದು ಯಾವ ಶಾಲೆಯೂ ನಮಗೆ ಹೇಳಿಕೊಡಬೇಕಾಗಿಲ್ಲ. ಒಂದೇ ಅಳತೆಯ ಗಾಳಿಗೂ ನೀರಿಗೂ ಹೋಲಿಸಿದರೆ, ಅಷ್ಟೇ ಬಿಸಿಯೇರುವಾಗ ನೀರು ಸುಮಾರು ೩,೫೦೦ ಪಟ್ಟು ಹೆಚ್ಚು ಶಾಖವನ್ನು ಒಳಗಿಟ್ಟುಕೊಳ್ಳುತ್ತದೆ. ಈ ಲೆಕ್ಕ ಗೊತ್ತಿಲ್ಲದಿದ್ದರೂ ಹಾಲು ಆರುತ್ತದೆ, ಆ ಮಾತು ಬೇರೆ. ಇದೇ ಬೋಗುಣಿಯ ಉಪಾಯ ಕಂಪ್ಯೂಟರಿನ ಚರಿತ್ರೆಯೊಳಗೆ ಒಮ್ಮೆ ಮುಂಬಾಗಿಲಿನಿಂದ ಬಂತು, ಇನ್ನೊಮ್ಮೆ ಹಿತ್ತಲ ಬಾಗಿಲಿನಿಂದ.

ಮುಂಬಾಗಿಲಿನ ಕಥೆ ದೊಡ್ಡವರದು. ೧೯೪೬ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕದ ಮುಂದೆ ಬಂದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಲೆಕ್ಕ ಮಾಡುವ ಕ್ರಮವನ್ನು ಕಲಿಸಿದವರು ಆರು ಮಂದಿ ಹೆಣ್ಣುಮಕ್ಕಳು. ಅವರು ದುಡಿದ ಆ ಕೋಣೆಯ ಯಂತ್ರ ಸುಮಾರು ೧೫೦ ಕಿಲೋವ್ಯಾಟ್ ವಿದ್ಯುತ್ತನ್ನು ನುಂಗಿ ಬಿಸಿಯಾಗಿ ಕಾರುತ್ತಿತ್ತು. ಆ ಬಿಸಿಯನ್ನು ಹೊರಗೆ ನೂಕಲು ಗಾಳಿಯಂತ್ರಗಳನ್ನು ಇಟ್ಟಿದ್ದರು. ೧೯೬೦ರ ದಶಕದಲ್ಲಿ ಐ.ಬಿ.ಎಂ. ಕಂಪನಿ ತನ್ನ ದೊಡ್ಡ ಯಂತ್ರಗಳಿಗೆ ನೀರನ್ನು ತಂದಿತು. ೧೯೮೦ರಲ್ಲಿ ಅದು ಪ್ರಕಟಿಸಿದ ೩೦೮೧ ಎಂಬ ಯಂತ್ರದಲ್ಲಿ ನೂರರಷ್ಟು ಚಿಪ್‌ಗಳನ್ನು ಒಂದೇ ಅಚ್ಚಿನೊಳಗೆ ಕೂರಿಸಿ, ಪ್ರತಿಯೊಂದರ ಬೆನ್ನಿಗೂ ಸ್ಪ್ರಿಂಗಿನ ಲೋಹದ ಕಡ್ಡಿಯನ್ನು ಒತ್ತಿಟ್ಟು, ಮೇಲೆ ತಣ್ಣೀರು ಹರಿಸುತ್ತಿದ್ದರು. ಕಡಿಮೆ ವಿದ್ಯುತ್ ಬೇಡುವ ಹೊಸ ಬಗೆಯ ಚಿಪ್‌ಗಳು ೧೯೯೦ರ ದಶಕದ ನಡುವಿಗೆ ಬಂದಾಗ ಈ ನಲ್ಲಿ ಪೈಪುಗಳ ಸಂಸಾರವೇ ಬೇಡವೆನಿಸಿತು. ಫ್ಯಾನು ಸಾಕೆಂದರು. ನೀರು ಮುಂಬಾಗಿಲಿನಿಂದ ಹೊರಬಿತ್ತು.

ಹಿತ್ತಲ ಬಾಗಿಲನ್ನು ತೆರೆದವರು ಹುಚ್ಚು ಹವ್ಯಾಸಿಗಳು. ೧೯೯೮ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ ೩೦೦ಎ ಎಂಬ ಅಗ್ಗದ ಚಿಪ್ಪೊಂದನ್ನು ಮಾರಾಟಕ್ಕೆ ಬಿಟ್ಟಿತು. ಅದರ ವೇಗ ೩೦೦ ಮೆಗಾಹರ್ಟ್ಸ್. ಮದರ್‌ಬೋರ್ಡಿನಲ್ಲಿ ಒಂದು ಅಂಕಿಯನ್ನು ೬೬ರಿಂದ ೧೦೦ಕ್ಕೆ ಏರಿಸಿದರೆ ಅದು ೪೫೦ ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆಂದು ಬಳಸುವವರು ಕಂಡುಕೊಂಡರು. ಕಡಿಮೆ ದುಡ್ಡಿಗೆ ದುಬಾರಿ ಯಂತ್ರದ ವೇಗ ಸಿಕ್ಕಮೇಲೆ ಆಸೆಗೆ ಕೊನೆಯುಂಟೇ? ಇನ್ನಷ್ಟು ಓಡಿಸಬೇಕೆಂಬ ಚಪಲ ಹುಟ್ಟಿತು. ಆದರೆ ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ೨೦೦೦ದಲ್ಲಿ ಸಾವಿರ ಮೆಗಾಹರ್ಟ್ಸ್ ಮುಟ್ಟಿದ ಚಿಪ್‌ಗಳು ಬರುವ ವೇಳೆಗೆ ಫ್ಯಾನುಗಳು ಗಿರಣಿಯಂತೆ ಕೂಗತೊಡಗಿದ್ದವು. ಆಗ ಅಮೆರಿಕ, ಯೂರೋಪುಗಳ ಗ್ಯಾರೇಜುಗಳಲ್ಲಿ ಕೆಲವರು ಮತ್ತೆ ನೀರಿನ ಕಡೆ ನೋಡಿದರು.

ಇದಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಮೀನಿನ ತೊಟ್ಟಿಗೆ ಬಳಸುವ ಪುಟ್ಟ ಪಂಪು ಬಂತು. ಜರ್ಮನಿಯ ಐಹೈಮ್ ಪಂಪುಗಳಿಗೆ ಒಳ್ಳೆಯ ಹೆಸರಿತ್ತು. ಚಳಿ ದೇಶದ ಕಾರುಗಳಲ್ಲಿ ಒಳಗೆ ಕೂತವರನ್ನು ಬೆಚ್ಚಗಿಡಲು ಎಂಜಿನ್ನಿನ ಬಿಸಿನೀರು ಹರಿಯುವ ಸಣ್ಣ ರೇಡಿಯೇಟರ್ ಒಂದಿರುತ್ತದೆ. ಅದನ್ನು ಹಳೆಯ ಕಾರಿನ ಗುಜರಿಯಿಂದ ಬಿಚ್ಚಿ ತಂದರು. ಚಿಪ್ಪಿನ ಮೇಲೆ ಕೂರಿಸಲು ತಾಮ್ರದ ತುಂಡನ್ನು ತಾವೇ ಕೊರೆದರು. ಪಂಪು ನೂಕಿದ ನೀರು ತಾಮ್ರದೊಳಗೆ ಹಾದು ಬಿಸಿಯನ್ನು ಹೊತ್ತು, ರೇಡಿಯೇಟರಿನಲ್ಲಿ ಇಳಿಸಿ, ತಣ್ಣಗಾಗಿ ಹಿಂತಿರುಗಬೇಕು. ಅಷ್ಟೇ ಉಪಾಯ.

ತೊಡಕು ಬಂದದ್ದು ಪೆಟ್ಟಿಗೆಯಲ್ಲಿ. ಅಂದಿನ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯಲ್ಲಿ ೮೦ ಮಿಲಿಮೀಟರಿನ ಪುಟ್ಟ ಫ್ಯಾನಿಗೆ ಮಾತ್ರ ಜಾಗವಿರುತ್ತಿತ್ತು. ರೇಡಿಯೇಟರಿಗೆ ೧೨೦ ಮಿಲಿಮೀಟರಿನ ದೊಡ್ಡ ಫ್ಯಾನು ಬೇಕು. ಅಂದರೆ ಹೊಸ ಪೆಟ್ಟಿಗೆಗೆ ಗರಗಸ ಹಾಕಬೇಕು! ಮೊದಲ ಸಲ ಕೊಯ್ಯುವವನ ಎದೆ ಡವಗುಟ್ಟದೆ ಇರುತ್ತದೆಯೇ? ಹೊಸ ರೇಷ್ಮೆ ಕಣಕ್ಕೆ ಕತ್ತರಿ ಇಡುವಾಗಿನ ಸ್ಥಿತಿ ಅದು. ತಪ್ಪಿದರೆ ಕೂಡಿಸಲಾಗದು, ಕಂಪನಿಯ ಗ್ಯಾರಂಟಿಯೂ ಹೋಯಿತು.

ಅದಕ್ಕೊಂದು ಶಿಸ್ತು ತಾನಾಗಿ ಬೆಳೆಯಿತು. ಮೊದಲು ಪೆಟ್ಟಿಗೆಯೊಳಗಿನ ಎಲ್ಲವನ್ನೂ ತೆಗೆದಿಡಬೇಕು; ಒಂದು ಕಬ್ಬಿಣದ ಚೂರು ಒಳಗೆ ಉಳಿದರೂ ಮದರ್‌ಬೋರ್ಡು ಸುಟ್ಟೀತು. ಬಣ್ಣ ಕೆರೆಯದಂತೆ ಅಂಟುಪಟ್ಟಿ ಹಚ್ಚಿ, ಕಾಗದದ ಅಚ್ಚಿಟ್ಟು ವೃತ್ತ ಬರೆಯಬೇಕು. ಒಂದು ತೂತು ಕೊರೆದು, ಅಲ್ಲಿಂದ ಗರಗಸ ಇಳಿಸಿ ಸುತ್ತ ಕೊಯ್ಯಬೇಕು. ಅಂಚನ್ನು ಅರದಿಂದ ಉಜ್ಜಿ, ಕೊಳವೆ ಹಾಯುವಲ್ಲಿ ರಬ್ಬರಿನ ಬಳೆ ತೊಡಿಸಬೇಕು, ಇಲ್ಲವಾದರೆ ತಗಡಿನ ಅಂಚೇ ಕೊಳವೆಯನ್ನು ಕೊಯ್ದೀತು. ಜೋಡಿಸಿದ ಮೇಲೂ ಕಂಪ್ಯೂಟರಿಗೆ ವಿದ್ಯುತ್ ಕೊಡುವಂತಿಲ್ಲ. ಪಂಪನ್ನು ಮಾತ್ರ ಓಡಿಸಿ, ಕೀಲುಗಳ ಕೆಳಗೆ ಕಾಗದ ಹಾಸಿ, ಒಂದಿಡೀ ದಿನ ಕಾಯಬೇಕು. ಕಾಗದ ಒದ್ದೆಯಾಗದಿದ್ದರೆ ಗೆದ್ದಂತೆ.

ಆಮೇಲೆ ಕಲಿತ ಪಾಠಗಳೂ ಇದ್ದವು. ನಲ್ಲಿ ನೀರಿನ ಲವಣ ಒಳಗೆ ಗಟ್ಟಿಕಟ್ಟುತ್ತದೆ, ಬಟ್ಟಿ ಇಳಿಸಿದ ನೀರೇ ಆಗಬೇಕು. ಅದರಲ್ಲೂ ಪಾಚಿ ಕಟ್ಟದಂತೆ ಔಷಧಿ ಬೆರೆಸಬೇಕು. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ಒಂದೇ ನೀರಿನಲ್ಲಿ ಸೇರಿಸಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಬೇಯಿಸದ ನಮಗೆ ಇದು ಹೊಸ ಸಂಗತಿಯೇನಲ್ಲ.

ವ್ಯಾಪಾರಿಗಳು ತಡವಾಗಿ ಎಚ್ಚೆತ್ತರು. ೨೦೦೪ರಲ್ಲಿ ಆಪಲ್ ಕಂಪನಿಯೇ ತನ್ನ ಪವರ್ ಮ್ಯಾಕ್ ಜಿ೫ರ ಒಂದು ಮಾದರಿಯನ್ನು ದ್ರವದಿಂದ ತಣಿಸಿ ಮಾರಿತು. ಪೆಟ್ಟಿಗೆಗಳೂ ಬದಲಾದವು: ರಬ್ಬರಿನ ಬಳೆ ತೊಟ್ಟ ಕಿಂಡಿ ಹಿಂಬದಿಯಲ್ಲಿ, ರೇಡಿಯೇಟರಿಗೆ ಜಾಗ ಮಾಡಿನಲ್ಲಿ, ಎಲ್ಲವೂ ಕಾರ್ಖಾನೆಯಿಂದಲೇ ಬರತೊಡಗಿತು. ದೊಡ್ಡ ಯಂತ್ರಗಳಿಗೂ ನೀರು ಮರಳಿತು. ಜರ್ಮನಿಯ ಮ್ಯೂನಿಕ್ ಬಳಿ ೨೦೧೨ರಲ್ಲಿ ಶುರುವಾದ ಸೂಪರ್‌ಮುಕ್ ಎಂಬ ಮಹಾಗಣಕವನ್ನು ಬೆಚ್ಚಗಿನ ನೀರಿನಿಂದಲೇ ತಣಿಸಿ, ಹೊರಬಂದ ಬಿಸಿಯಿಂದ ಚಳಿಗಾಲದಲ್ಲಿ ಕಟ್ಟಡವನ್ನು ಕಾಯಿಸಿದರು.

ಐ.ಬಿ.ಎಂ., ಆಪಲ್ಲುಗಳ ಹೆಸರು ಚರಿತ್ರೆಯಲ್ಲಿ ದಾಖಲಾಗಿದೆ. ಗುಜರಿಯ ರೇಡಿಯೇಟರನ್ನು ಹೆಗಲಿಗೇರಿಸಿಕೊಂಡು ಬಂದು ಪೆಟ್ಟಿಗೆ ಕೊಯ್ದವರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಇಲ್ಲ. ಉಪ್ಪಿನಕಾಯಿ ಕೆಡದಂತೆ ಮೇಲೆ ಎಣ್ಣೆ ನಿಲ್ಲಿಸಬೇಕೆಂದು ಮೊದಲು ಕಂಡುಕೊಂಡ ಮಹಾತಾಯಿಯ ಹೆಸರಾದರೂ ನಮಗೆ ಗೊತ್ತೇ? ಈಗ ಮಗನೋ ಮಗಳೋ ಹೊಸ ಕಂಪ್ಯೂಟರಿನ ಪೆಟ್ಟಿಗೆ ತಂದರೆ ಅದರ ಮಾಡನ್ನೊಮ್ಮೆ ನೋಡಿ. ಅಲ್ಲಿರುವ ಅಗಲವಾದ ಜಾಗವನ್ನು ಮೊದಲು ಕೊರೆದದ್ದು ಯಾರದೋ ಮನೆಯ ಗರಗಸ.