ಗರಡಿಯ ಮಣ್ಣು, ಶಾಲೆಯ ಗೆರೆ

ಬಯಲುಸೀಮೆಯ ಎರೆಭೂಮಿ ಮುಗಿದು ಮಲೆನಾಡಿನ ಸೆರಗು ತೊಡಗುವ ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರುಗಳಲ್ಲಿ, ಪ್ರೌಢಶಾಲೆಯೆಂಬ ಸಂಸ್ಥೆ ಕಾಲಿಡುವುದಕ್ಕೆ ಬಹು ಪೂರ್ವದಲ್ಲಿಯೇ ಶರೀರಸಾಧನೆಗೊಂದು ಮನೆಯಿದ್ದಿತು, ಅದು ಗರಡಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣಗಳನ್ನು ಬೆರೆಸಿ ಹದಗೊಳಿಸಿ, ಹನುಮಂತದೇವರಿಗೆ ಕೈಮುಗಿದು ತೊಡೆ ತಟ್ಟುತ್ತಿದ್ದ ತರುಣರೇ ನಾಗರಪಂಚಮಿಯ ದಿನ ಪಂಥ ಕಟ್ಟಿ ಕೊಬ್ಬರಿ ಬಟ್ಟಲು ಗೆಲ್ಲುತ್ತಿದ್ದರು, ಗುಂಡುಕಲ್ಲು ಎತ್ತುತ್ತಿದ್ದರು, ಬೆಳುದಿಂಗಳಲ್ಲಿ ಹುತುತು ಆಡುತ್ತಿದ್ದರು. ಶಾಲೆಯ ತಂಡವೆಂಬುದು ಈ ನೆಲದಲ್ಲಿ ಹೊರಗಿನಿಂದ ತಂದು ನೆಟ್ಟ ಸಸಿಯಲ್ಲವೆಂದೇ ನನ್ನ ಅಭಿಪ್ರಾಯ. ಊರಿನ ಆಟಕ್ಕೆ ಶಾಲೆಯು ಗೆರೆಯನ್ನೂ ಸೀಟಿಯನ್ನೂ ಕೊಟ್ಟಿತು, ಅಷ್ಟೆ.

ಆ ಗೆರೆ ಬಂದುದಾದರೂ ಮೈಸೂರಿನಿಂದಲ್ಲ, ಪುಣೆಯಿಂದ. 1956ರವರೆಗೆ ಧಾರವಾಡ ಜಿಲ್ಲೆಯು ಮುಂಬಯಿ ಆಡಳಿತದಲ್ಲಿದ್ದುದರಿಂದ, ಪುಣೆಯ ಡೆಕ್ಕನ್ ಜಿಮಖಾನಾ 1914ರಲ್ಲಿ ಖೋ ಖೋ ಆಟಕ್ಕೆ ನಿಯಮ ರೂಪಿಸತೊಡಗಿದಾಗ ಅದರ ಗಾಳಿ ಇತ್ತಲೂ ಬೀಸಿತು. 1937ರಲ್ಲಿ ಅಧಿಕಾರಕ್ಕೆ ಬಂದ ಬಿ. ಜಿ. ಖೇರರ ಸರಕಾರವು ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ದೈಹಿಕ ಶಿಕ್ಷಣ ಸಮಿತಿಯೊಂದನ್ನು ನೇಮಿಸಿತು. ಮರುವರ್ಷ ಕಾಂದಿವಲಿಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ತೆರೆಯಿತು. ಡ್ರಿಲ್ ಮಾಸ್ತರರೆಂದು ಹಳ್ಳಿಯ ಜನ ಕರೆಯುತ್ತಿದ್ದ ವರ್ಗಕ್ಕೆ ಶಾಸ್ತ್ರೀಯ ಶಿಕ್ಷಣವು ದೊರೆತದ್ದು ಈ ಕಾಲದಲ್ಲಿ. ಆದರೆ ಪ್ರೌಢಶಾಲೆಗಳು ಬಹುಕಾಲ ಪಟ್ಟಣದ ಸೊತ್ತಾಗಿಯೇ ಉಳಿದಿದ್ದವು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಂಥವುಗಳಲ್ಲಿ ಓದಬಯಸಿದ ಹಳ್ಳಿಯ ಹುಡುಗನು ಮಠದ ಬೋರ್ಡಿಂಗಿನಲ್ಲಿಯೋ ನೆಂಟರ ಮನೆಯಲ್ಲಿಯೋ ತಂಗಬೇಕಾಗಿತ್ತು, ಅವನ ಆಟದ ಬಲವೂ ಪಟ್ಟಣದ ತಂಡಕ್ಕೇ ಸಲ್ಲುತ್ತಿತ್ತು.

ಹಳ್ಳಿಗೇ ಶಾಲೆ ಬಂದ ಮೇಲಿನ ಚಿತ್ರ ಬೇರೆ. ಕ್ರೀಡಾಕೂಟಗಳ ಕಾಲವೆಂದರೆ ಇಲ್ಲಿ ಮಳೆಗಾಲ. ಜಿಟಿಜಿಟಿ ಹನಿಯುವ ಮುಂಜಾನೆ, ಹಗ್ಗ ಎಳೆದು ಸುಣ್ಣದ ಪುಡಿ ಸುರಿದು ಹಾಕಿದ ಗೆರೆ ಎರಡನೆಯ ಪಂದ್ಯದ ಹೊತ್ತಿಗೆ ಕೆಸರಿನಲ್ಲಿ ಕರಗಿಹೋಗುತ್ತದೆ, ಪಿ.ಟಿ. ಮಾಸ್ತರರು ಮತ್ತೆ ಬುಟ್ಟಿ ಹಿಡಿದು ನಡೆಯುತ್ತಾರೆ. ಖೋ ಖೋದಲ್ಲಿ ಎಂಟು ಮಂದಿ ಸಾಲಾಗಿ ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತಿರಲು, ಒಂಬತ್ತನೆಯವನು ಓಡುತ್ತಾ ಬಂದು ಬೆನ್ನ ಹಿಂದಿನಿಂದ ಮುಟ್ಟಿ ‘ಖೋ’ ಎಂದೊಡನೆ ಜಿಗಿದೇಳಬೇಕು. ಮುಂಗಾಲ ಬೆರಳು ಮಣ್ಣಿಗೆ ಊರಿ ಸಿದ್ಧವಾಗಿರದ ಹುಡುಗ ಅಲ್ಲೇ ಜಾರಿ ಬೀಳುವನು. ಕಬಡ್ಡಿಯಲ್ಲಿ ಹಿಂದೆ ಉಸಿರೇ ಗಡಿಯಾರವಾಗಿದ್ದಿತು. ಈಗ ದಾಳಿಗೆ 30 ಸೆಕೆಂಡುಗಳ ಮಿತಿ. ದಮ್ಮು ಹಿಡಿಯುವ ಹಳೆಯ ಕಲೆಗೆ ಇದರಿಂದ ನಷ್ಟವಾಯಿತೆಂದು ನನಗನ್ನಿಸಿದರೂ, ಚುರುಕು ಹೆಚ್ಚಿದ್ದನ್ನು ಅಲ್ಲಗಳೆಯಲಾರೆ.

ಜಿಲ್ಲಾಮಟ್ಟದ ಗೆಲುವಿನ ತೂಕವೂ ಬದಲಾಯಿತು. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾಗುವ ಮುನ್ನ ಧಾರವಾಡ ಜಿಲ್ಲೆಯಲ್ಲಿ 17 ತಾಲೂಕುಗಳಿದ್ದವು. ಕಲಘಟಗಿಯ ತಂಡವು ರಾಣೇಬೆನ್ನೂರು, ಹಾನಗಲ್ಲ, ರೋಣಗಳವರನ್ನೂ ಎದುರಿಸಬೇಕಾಗಿತ್ತು. ವಿಭಜನೆಯ ನಂತರ ಉಳಿದವು ಐದೇ. ದಾರಿ ಹತ್ತಿರವಾಯಿತು, ಎದುರಾಳಿಗಳೂ ಕಡಿಮೆಯಾದರು. ಹಳಬರು ತಮ್ಮ ಕಾಲದ ಢಾಲನ್ನು ಹೆಚ್ಚು ಮೆರೆಸುವುದರಲ್ಲಿ ಕೇವಲ ಅಭಿಮಾನವಷ್ಟೇ ಇಲ್ಲ.

ಬಾಲಕಿಯರ ವಿಷಯದಲ್ಲಿ ಮಾತ್ರ ನನ್ನ ಮೊದಲಿನ ಮಾತು ಸಲ್ಲದು. ಗರಡಿಯ ಹೊಸ್ತಿಲನ್ನು ಅವರು ದಾಟಿದವರಲ್ಲ. ಪಂಚಮಿಯ ಜೋಕಾಲಿಯನ್ನು ಬಿಟ್ಟರೆ ಊರು ಅವರಿಗೆ ಬಯಲಿನ ಆಟವನ್ನು ಹೆಚ್ಚಾಗಿ ಒದಗಿಸಲಿಲ್ಲ. ಅಂಕಣ, ಸಮವಸ್ತ್ರ, ಪರಸ್ಥಳದ ಪಂದ್ಯಕ್ಕೆ ಬಸ್ಸು ಹತ್ತುವ ಅವಕಾಶ, ಇವೆಲ್ಲ ಶಾಲೆಯೊಂದರಿಂದಲೇ ಬಂದವು, ಮತ್ತು ಅದೇ ಶಾಲೆಯ ಅತಿ ದೊಡ್ಡ ಕ್ರೀಡಾಸಾಧನೆ.

ಈ ಆಟಗಳೆಲ್ಲಕ್ಕೂ ಆಧಾರ ಶಾಲೆಯ ಬಯಲೇ. ಆದರೆ ಹುಬ್ಬಳ್ಳಿ ಬೆಳೆದಂತೆ ಸುತ್ತಣ ಊರುಗಳ ನೆಲಕ್ಕೆ ಬೆಲೆ ಏರುತ್ತಿದೆ. ಊರಿನ ಹಿರಿಯರೂ ಪಂಚಾಯತಿಯವರೂ ಶಾಲೆಯ ಬಯಲನ್ನು ಈಗಲೇ ಅಳೆಸಿ, ಹದ್ದುಬಸ್ತು ಮಾಡಿಸಿ, ಉತಾರದಲ್ಲಿ ಶಾಲೆಯ ಹೆಸರಿಗೇ ದಾಖಲಿಸಿಡಬೇಕೆಂದು ನನ್ನ ವಿನಂತಿ.